ಮೂಲೆಯ ಮಿಷನ್ನಿಗೆ ಹೂ ಕೇಳಿದ್ದು

ಬನ್ನಿಮಂಟಪದಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆದುಕೊಡುವ ಮೋಹನ್ ಅವರ ಆಫೀಸಿದೆ. ಬೆಳಿಗ್ಗೆ ಅದರ ಶಟರ್ ಎತ್ತುವವರು ಚನ್ನಬಸವಯ್ಯ. ದೇವರ ಪಟಕ್ಕೆ ಊದುಬತ್ತಿ ಹಚ್ಚುವುದು, ನೀರಿನ ಕ್ಯಾನು ತರಿಸುವುದು, ಕರೆಂಟು ಹೋದರೆ ಯುಪಿಎಸ್ ಹತ್ತಿರ ಓಡುವುದು, ಎಲ್ಲವೂ ಅವರದೇ. ಮೋಹನ್ ಅವರ ತಂದೆಯ ಕಾಲದಲ್ಲಿ ಟ್ರೇಸಿಂಗ್ ಕಾಗದದ ಮೇಲೆ ಕೂದಲೆಳೆಯಂಥ ಗೆರೆ ಎಳೆಯುತ್ತಿದ್ದ ಮನುಷ್ಯ. ಕಂಪ್ಯೂಟರ್ ಬಂತು, ಗೆರೆಯ ಕೆಲಸ ಹೋಯಿತು, ಅಯ್ಯನವರು ಉಳಿದುಕೊಂಡರು. ನಿವೃತ್ತಿಯ ವಯಸ್ಸು ದಾಟಿದ ಮೇಲೂ "ಇರಿ ಅಯ್ನೋರೇ" ಅಂದಿದ್ದರು ಮೋಹನ್. ಎಲ್ಲಿಯವರೆಗೆ ಅಂತ ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ.

ಆಫೀಸಿನ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ನಕ್ಷೆ ಬರೆಯುವ ಸಾಫ್ಟ್‌ವೇರಿಗೆ ಲೈಸೆನ್ಸ್ ಹಂಚುವುದೇ ಅದರ ಕೆಲಸ. ಇರುವ ಹುಡುಗ ಹುಡುಗಿಯರಿಗೆಲ್ಲ ಸಾಲುವಷ್ಟು ಲೈಸೆನ್ಸ್ ಇಲ್ಲ. ಒಬ್ಬರು ಮುಗಿಸಿ ಎದ್ದರೆ ಅವರದನ್ನು ಈ ಮಿಷನ್ನು ವಾಪಸು ಇಸಕೊಂಡು ಇನ್ನೊಬ್ಬರಿಗೆ ಕೊಡುತ್ತದೆ. ಲೈಸೆನ್ಸ್ ಸರ್ವರ್ ಅಂತ ಅದಕ್ಕೆ ಹೆಸರು. ಅದು ನಿಂತಿತೋ, ಇಡೀ ಆಫೀಸು ಕೈಕಟ್ಟಿ ಕೂರಬೇಕು. ಆಗ ಎಲ್ಲ ಮೇಜುಗಳಿಂದಲೂ ಒಟ್ಟಿಗೆ "ಅಯ್ನೋರೇ" ಎಂಬ ಕೂಗು ಏಳುತ್ತಿತ್ತು. ಚನ್ನಬಸವಯ್ಯ ನಿಧಾನವಾಗಿ ಎದ್ದು ಹೋಗಿ, ಗುಂಡಿ ಒತ್ತಿ, ಪರದೆ ಬೆಳಗಿದ ಮೇಲೆ ಒಂದು ಚಿತ್ರದ ಮೇಲೆ ಎರಡು ಸಲ ಕ್ಲಿಕ್ ಮಾಡುತ್ತಿದ್ದರು. ಅದು ಏನು, ಯಾಕೆ, ಅವರಿಗೆ ಗೊತ್ತಿರಲಿಲ್ಲ. ಆದರೆ ಒತ್ತಿ ಬಂದು ಕೂರುವಾಗಿನ ಅವರ ಗತ್ತು ನೋಡಬೇಕಿತ್ತು.

ಆ ಮುದಿ ಮಿಷನ್ನು ಕೊನೆಗೂ ಕಣ್ಣುಮುಚ್ಚಿತು. ಮೋಹನ್ ಹೊಸದು ತರಿಸಿ, ಅಯ್ಯನವರನ್ನು ಒಳಗೆ ಕರೆದರು.

"ಅಯ್ನೋರೇ, ಲೈಸೆನ್ಸ್ ಕೊಡೋ ಕಂಪನಿಯೋರು ಕೇಳ್ತಾವ್ರೆ. ಹೊಸ ಮಿಷನ್ನನ್ನ ನಡೆಸೋಕೆ ವಿಂಡೋಸ್ ಹಾಕ್ಸೋದಾ, ಲಿನಕ್ಸ್ ಹಾಕ್ಸೋದಾ ಅಂತ. ಒಂದ್ಸಲ ಹೇಳಿದ್ರೆ ಮುಂದಿನ ವರ್ಷದವರೆಗೂ ಬದಲಾಯಿಸೋಕ್ಕಾಗಲ್ವಂತೆ. ನೋಡ್ಕೊಳ್ಳೋರು ನೀವಲ್ವಾ? ಶುಕ್ರವಾರದೊಳಗೆ ವಿಚಾರಿಸಿ ಹೇಳ್ಬುಡಿ."

ಚನ್ನಬಸವಯ್ಯ ತಲೆಯಾಡಿಸಿ ಹೊರಗೆ ಬಂದರು. ಜನ್ಮದಲ್ಲಿ ಅವರನ್ನು ಯಾರೂ ಇಂಥದ್ದೊಂದು ಕೇಳಿರಲಿಲ್ಲ. ಮೊದಲು ಹಿಗ್ಗಿದರು. ಆಮೇಲೆ ಯಾರನ್ನು ವಿಚಾರಿಸುವುದು ಅಂತ ಲೆಕ್ಕ ಹಾಕತೊಡಗಿದರು.

ಲೈಸೆನ್ಸ್ ಕಂಪನಿಯ ದಿಲೀಪ ಎಂಬುವನಿಗೆ ಫೋನು ಮಾಡಿದರು. "ಎರಡರಲ್ಲೂ ನಡೆಯುತ್ತೆ ಸರ್. ನಿಮಗ್ಯಾವ್ದು ಅನುಕೂಲವೋ ಅದು" ಅಂದ ಪುಣ್ಯಾತ್ಮ. ಇದು ಒಳ್ಳೆಯದು, ಅದು ಕೆಟ್ಟದ್ದು ಅಂದಿದ್ದರೆ ಹಿಡಿದುಕೊಳ್ಳಬಹುದಿತ್ತು. ಎರಡೂ ಆಗುತ್ತದೆ ಅನ್ನುವವನನ್ನು ಏನು ಮಾಡುವುದು?

ಆಫೀಸಿನಲ್ಲಿ ಕಂಪ್ಯೂಟರ್ ಚೆನ್ನಾಗಿ ಬಲ್ಲವಳೆಂದರೆ ಸಿಂಚನ. ಅವಳ ಮೇಜಿಗೆ ಹೋಗಿ ಕೇಳಿದರು.

"ಯಾವ್ದು ಒಳ್ಳೇದಮ್ಮ?"

"ಲಿನಕ್ಸೇ ಅಯ್ನೋರೇ. ಮೂಲೇಲಿ ಸುಮ್ನೆ ಕೂತಿರುತ್ತೆ. ಯಾರನ್ನೂ ಏನೂ ಕೇಳಲ್ಲ."

"ಅಕಸ್ಮಾತ್ ನಿಂತ್ರೆ?"

"ನಾನು ಇಲ್ಲಿಂದ್ಲೇ ಕಪ್ಪು ಪರದೇಲಿ ಎರಡು ಸಾಲು ಟೈಪ್ ಮಾಡಿದ್ರೆ ಆಯ್ತು. ನೀವು ಎದ್ದು ಬರೋದೇ ಬೇಡ."

ಪಾಪ, ಮೊಣಕಾಲು ನೋವಿನ ಮನುಷ್ಯ ಓಡಾಡದಿರಲಿ ಅಂತ ಆ ಹುಡುಗಿ ಹೇಳಿದ್ದು. ಚನ್ನಬಸವಯ್ಯನವರಿಗೆ ಕೇಳಿಸಿದ್ದೇ ಬೇರೆ. ಎದ್ದು ಬರುವುದೇ ಬೇಡವಾದರೆ, ಬೆಳಿಗ್ಗೆ ಮನೆಯಿಂದ ಹೊರಡುವುದಾದರೂ ಯಾಕೆ? ಶಟರ್ ಎತ್ತಲು ಯಾರಾದರೂ ಸಿಗುತ್ತಾರೆ. ವಿಂಡೋಸ್ ಅಂದರೆ ಹಳೆಯ ಮಿಷನ್ನಿನಲ್ಲಿ ಇದ್ದದ್ದೇ, ಆ ಚಿತ್ರ, ಆ ಎರಡು ಕ್ಲಿಕ್. ಲಿನಕ್ಸ್ ಅಂದರೆ ಆಫೀಸಿಗೆ ಒಳ್ಳೆಯದು, ತನಗೆ ರಜ. ಅತ್ತ ದರಿ, ಇತ್ತ ಪುಲಿ.

ಮನೆಯಲ್ಲಿ ತಟ್ಟೆಯ ಅನ್ನ ಕಲಸುತ್ತಲೇ ಕೂತ ಗಂಡನನ್ನು ಪುಟ್ಟಬಸಮ್ಮ ಬಿಡಲಿಲ್ಲ.

"ಏನ್ರೀ ಅದು?"

"ಎರಡರಲ್ಲಿ ಒಂದು ಹೇಳ್ಬೇಕು ಕಣೇ. ಯಾವ್ದು ಅಂತ ತೋಚ್ತಿಲ್ಲ."

"ಬದನೇಕಾಯಿ ಆರಿಸೋಕ್ಕೂ ನನ್ನೇ ಕೇಳೋರು ನೀವು. ವೀರಭದ್ರನ ಗುಡೀಲಿ ಹೂ ಕೇಳ್ಕಂಡು ಬನ್ನಿ. ನಮ್ಮನೇಲಿ ಮದುವೆ, ಮನೆ ಎಲ್ಲಾನೂ ಅಲ್ಲೇ ಕೇಳಿಲ್ವಾ?"

ಹೂ ಕೇಳುವುದೆಂದರೆ, ಅರ್ಚಕರು ದೇವರ ಮೈಗೆ ಎರಡೂ ಬದಿ ಒದ್ದೆ ಹೂ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲೇ ಪ್ರಶ್ನೆ ಇಟ್ಟುಕೊಂಡು ನಿಲ್ಲಬೇಕು. ಯಾವ ಬದಿಯ ಹೂ ಮೊದಲು ಬೀಳುತ್ತದೋ ಅದೇ ಅಪ್ಪಣೆ. ಗುರುವಾರ ಸಂಜೆ ದೇವರಾಜ ಮೊಹಲ್ಲಾದ ಆ ಪುಟ್ಟ ಗುಡಿಯಲ್ಲಿ ಚನ್ನಬಸವಯ್ಯ ಕೈಮುಗಿದು ನಿಂತರು. ಬಲಕ್ಕೆ ಬಿದ್ದರೆ ವಿಂಡೋಸ್, ಎಡಕ್ಕೆ ಬಿದ್ದರೆ ಲಿನಕ್ಸ್. ವೀರಭದ್ರ ಇದನ್ನೆಲ್ಲ ಕೇಳಿ ಏನಂದುಕೊಂಡನೋ, ಬಹಳ ಹೊತ್ತು ಮಿಸುಕಲೇ ಇಲ್ಲ. ಕೊನೆಗೆ ಒಂದು ಸೇವಂತಿಗೆ ಜಾರಿ ಬಿತ್ತು.

ಬಿದ್ದದ್ದು ಅಯ್ಯನವರ ಬಲಗೈ ಬದಿಗೆ. ಅಂದರೆ ಎದುರಿಗೆ ಕೂತ ದೇವರ ಎಡಕ್ಕೆ.

ಹೂ ಕೇಳುವಲ್ಲಿ ಲೆಕ್ಕ ದೇವರ ಬಲ, ದೇವರ ಎಡ. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಮಾತು, ಜಂಗಮರ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತಿಲ್ಲವೇ? ಆದರೂ ಚನ್ನಬಸವಯ್ಯ ಅಲ್ಲೇ ನಿಂತು ತಲೆ ಕೆರೆದುಕೊಂಡರು. ನಾನು ಬಲ ಅಂದುಕೊಂಡಾಗ ನನ್ನದೇ ಬಲಗೈ ನೆನೆದಿದ್ದೆನಲ್ಲ? ಮನಸ್ಸಿನ ಮಾತು ದೇವರಿಗೆ ತಿಳಿಯುವುದಿಲ್ಲವೇ? ನನ್ನ ಬಲವನ್ನೇ ಹಿಡಿದು ಕೊಟ್ಟಿರಬಾರದೇಕೆ? ಅರ್ಚಕರು ಪಕ್ಕದಲ್ಲೇ ಇದ್ದರು. ಕೇಳಲಿಲ್ಲ. ವಿಭೂತಿ ಹಚ್ಚಿಸಿಕೊಂಡು, ಹೂವನ್ನು ಜೇಬಿಗೆ ಹಾಕಿಕೊಂಡು ಬಂದರು.

"ವಿಂಡೋಸ್" ಅಂದರು ಮರುದಿನ. ಮೋಹನ್ "ಸರಿ" ಅಂದರು. ಅಷ್ಟೇ.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಕೂತ ಮೇಲೆ ಮಿಷನ್ನಿಗೂ ಊದುಬತ್ತಿ ಬೆಳಗಲು ಮೂಲೆಗೆ ಹೋದಾಗ ಹೊಸ ಮಿಷನ್ನಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ ಬಂದಿತ್ತು. ಅಪ್‌ಡೇಟು ಆಗಿದೆ, ಈಗಲೇ ಮಿಷನ್ನು ಆರಿಸಿ ಮತ್ತೆ ಹಚ್ಚಲೇ ಅಂತ. ಈಗ ಅನ್ನುವುದೋ, ಆಮೇಲೆ ಅನ್ನುವುದೋ? ಮತ್ತೆ ಎರಡರಲ್ಲಿ ಒಂದು. ಒಳ್ಳೆಯ ಕೆಲಸ ಮುಂದೂಡಬಾರದು ಅಂದುಕೊಂಡು 'ಈಗ' ಎಂಬುದನ್ನು ಒತ್ತಿದರು.

ಮಿಷನ್ನು ಆರಿತು. ಲೈಸೆನ್ಸ್ ಕಡಿದುಹೋಗಿ, ಗಿರಾಕಿಗೆ ಅಂದೇ ಕಳಿಸಬೇಕಾಗಿದ್ದ ಸಿಂಚನಳ ನಕ್ಷೆ ಸೇವ್ ಆಗದೆ ಮುಚ್ಚಿಹೋಯಿತು. "ಅಯ್ನೋರೇ" ಎಂಬ ಕೂಗು ಎದ್ದಿತು. ಅವರು ಮಿಷನ್ನು ಹಚ್ಚಿ ಎರಡು ಕ್ಲಿಕ್ ಮಾಡಿದರು. ಸಿಂಚನ ಕೂದಲು ಗಂಟು ಹಾಕಿಕೊಂಡು ಮೊದಲಿಂದ ಬರೆಯಲು ಕೂತಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಅನ್ನದೆಯೇ ಅಯ್ಯನವರ ಹೆಗಲು ಉರಿಯುತ್ತಿತ್ತು. ನೆಟ್ಟಗೆ ಮೋಹನ್ ಅವರ ಕೋಣೆಗೆ ಹೋದರು.

"ನಾನು ತಪ್ಪು ಹೇಳ್ಬುಟ್ಟೆ ಸಾರ್. ಲಿನಕ್ಸೇ ಒಳ್ಳೇದಿತ್ತು, ನಂಗೆ ಗೊತ್ತಿತ್ತು. ಅದನ್ನ ಹಾಕಿದ್ರೆ ನಂಗಿಲ್ಲಿ ಏನ್ ಕೆಲ್ಸ ಅಂತ ಹೆದರ್ಕಂಡೆ."

ಮೋಹನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು ಏನು ಹೇಳಿದ್ರೂ ನಾನು ವಿಂಡೋಸೇ ಹಾಕಿಸ್ತಿದ್ದೆ ಅಯ್ನೋರೇ. ಅವತ್ತೇ ಸಿಂಚನಳನ್ನ ಕೇಳಿದ್ದೆ. ಅವಳೇನಂದ್ಲು ಗೊತ್ತಾ? 'ಒಳ್ಳೇದು ಲಿನಕ್ಸು ಸರ್, ಆದ್ರೆ ನಾನು ನಾಳೆ ಬೇರೆ ಕಡೆ ಹೋದ್ರೆ ಆ ಕಪ್ಪು ಪರದೆ ಇಲ್ಲಿ ಯಾರಿಗೂ ಬರಲ್ಲ. ಅಯ್ನೋರು ಇರ್ತಾರೆ, ಅವರಿಗೆ ಬರೋದನ್ನೇ ಹಾಕ್ಸಿ' ಅಂದ್ಲು."

"ಮತ್ತೆ ನನ್ನ ಯಾಕೆ ಕೇಳಿದ್ರಿ?"

"ನೋಡ್ಕೊಳ್ಳೋರನ್ನ ಕೇಳ್ದೆ ಹಾಕ್ಸೋಕ್ಕಾಗುತ್ತಾ?"

ಹೊರಗೆ ಬಂದ ಚನ್ನಬಸವಯ್ಯನವರಿಗೆ ಮೊದಲಿಗಿಂತ ಹೆಚ್ಚು ಗೊಂದಲವಾಗಿತ್ತು. ತಾನು ಮಾಡಿದ್ದು ತಪ್ಪೋ ಸರಿಯೋ? ಆರಿಸಿದ್ದು ತಾನೋ, ಸಿಂಚನಳೋ, ವೀರಭದ್ರನೋ? ಒಂದೂ ಬಗೆಹರಿಯಲಿಲ್ಲ. ಅಯ್ನೋರು ಇರ್ತಾರೆ ಎಂಬ ಮಾತು ಮಾತ್ರ ಎದೆಯಲ್ಲಿ ಕೂತುಬಿಟ್ಟಿತ್ತು. ಅಷ್ಟು ದಿನ ಬಾಯಿಬಿಟ್ಟು ಕೇಳಲಾಗದ್ದಕ್ಕೆ ಬೇರೆ ಯಾರೋ ಎಂದೋ ಉತ್ತರ ಕೊಟ್ಟಾಗಿತ್ತು. ಅವರಿಗೆ ಅಳು ಬಂತು. ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡು, ಸಿಂಚನಳ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

"ನಿನ್ನ ನಕ್ಷೆ ಮುಗೀಲಿ ಕಣಮ್ಮ. ಆಮೇಲೆ ಆ ಕಪ್ಪು ಪರದೆ ನನಗೂ ಹೇಳ್ಕೊಡು. ಮುಂದಿನ ವರ್ಷ ಅದನ್ನೇ ಹಾಕ್ಸೋಣ."

"ಯಾಕೆ ಅಯ್ನೋರೇ ಇದ್ದಕ್ಕಿದ್ದಂಗೆ?"

"ದೇವರು ಎಡಕ್ಕೆ ಕೊಟ್ಟಿದ್ದ ಕಣಮ್ಮ" ಅಂದರು ಚನ್ನಬಸವಯ್ಯ.

ಸಿಂಚನಳಿಗೆ ಏನೂ ಅರ್ಥವಾಗಲಿಲ್ಲ.