ಡಿಸ್ಕಿನ ಜಾಡು ಹಿಡಿದ ಅಕ್ಕ

ಕಂಪ್ಯೂಟರಿನ ಡಬ್ಬಿಯ ಮೇಲೆ ಮಿನುಗುವ ಪುಟ್ಟ ಕೆಂಪು ದೀಪಕ್ಕೆ ಎರಡೂ ಅಂಗೈ ಮರೆ ಹಿಡಿದು, ಮೂಗು ತಾಗುವಷ್ಟು ಬಾಗಿ ನೋಡುತ್ತಿದ್ದರು ಅಕ್ಕ. ಡಿಸ್ಕು ಕೆಲಸ ಮಾಡುವಾಗ ಆ ದೀಪ ಮಿಟುಕುತ್ತದೆ. ಬೇರೆ ರಿಪೇರಿಯವರು ಡಿಸ್ಕಿನ ಕಿರಕಿರ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ಅಕ್ಕನಿಗೆ ಚಿಕ್ಕಂದಿನಿಂದ ಕಿವಿ ಮಂದ. "ನಂಗ್ ಸಮಾ ಕೇಂಬುದಿಲ್ಲ ಮಾರಾಯ್ತಿ, ಕಣ್ಣಂಗ್ ಕಂಡದ್ದನ್ನೇ ನಂಬುದ್" ಎನ್ನುತ್ತಿದ್ದರು.

ಊರವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಅವರು ಮರವಂತೆಯ ಮೀನು ಮಾರುವ ತಾಯಿಯ ಮಗಳು. ಮುಂಬೈಯಲ್ಲಿ ಕೆಲಸ ಕಲಿತು ಬಂದು ಬೈಂದೂರಿನಲ್ಲಿ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದರು.

ಎರಡು ಸಾವಿರದ ಏಳರ ಸುಮಾರಿಗೆ ನಾನು ಅಲ್ಲಿಯ ಒಂದು ಹೆರಿಗೆ ಕ್ಲಿನಿಕ್ಕಿನಲ್ಲಿ ಬಸುರಿಯರ ವಿವರ ಬರೆದಿಡುವ ಕೆಲಸಕ್ಕಿದ್ದೆ. ಒಂದು ವಾರದಿಂದ ಕಂಪ್ಯೂಟರ್ ನಿಮಿಷಗಟ್ಟಲೆ ನಿಂತುಬಿಡುತ್ತಿತ್ತು. ಒಬ್ಬ ರಿಪೇರಿಯವ ಬಂದು, ಡಿಸ್ಕು ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕೆಂದ. ನಕಲಿಟ್ಟ ಸೀಡಿ ನೋಡಿದರೆ ಅದೂ ತೆರೆಯಲಿಲ್ಲ. ಮೂರು ವರ್ಷಗಳ ತಾಯಂದಿರ ರಕ್ತದ ಗುಂಪು, ತಪಾಸಣೆ, ಎಲ್ಲ ಹೋಗುವುದರಲ್ಲಿತ್ತು. ಡಾಕ್ಟರು ಕೊನೆಗೆ ಅಕ್ಕನನ್ನು ಕರೆಸಿದರು.

"ಅಳ್ಸುದ್ ಕಡೀಗ್ ಇರ್ಲಿ. ಮೊದ್ಲ್ ಒಳಗ್ ಎಂತ ಆತ್ತ್ ಕಾಂಬ" ಎಂದು ಅಕ್ಕ ಒಂದು ಪ್ರೋಗ್ರಾಂ ಹಾಕಿದರು. ಯಾವ ಕ್ಷಣ ಯಾವ ಪ್ರೋಗ್ರಾಂ ಡಿಸ್ಕಿನ ಯಾವ ಫೈಲನ್ನು ಓದಿತು, ಯಾವುದಕ್ಕೆ ಬರೆಯಿತು ಎಂದು ಅದು ಸಾಲುಸಾಲಾಗಿ ತೋರಿಸುತ್ತದೆ. ಸಾಲುಗಳು ಓಡಿದವು. ಬೇಡದ್ದನ್ನೆಲ್ಲ ಒಂದೊಂದಾಗಿ ಮರೆಮಾಡುತ್ತ ಹೋದಂತೆ ಪರದೆಯ ಮೇಲೆ ಉಳಿದದ್ದು ಒಂದೇ ಹೆಸರು.

ಅದು ನಾನೇ ಹಾಕಿದ್ದ ನಕಲು ಪ್ರೋಗ್ರಾಂ. ವಿವರ ಕಳೆದುಹೋಗದಿರಲೆಂದು ವಾರದ ಹಿಂದೆ ಯಾರಿಗೂ ಹೇಳದೆ ಹಾಕಿದ್ದೆ. ನಾನು ಒಂದು ಹೆಸರು ಸೇರಿಸಿದರೂ ಅದು ಇಡೀ ಮೂರು ವರ್ಷದ್ದನ್ನು ಅದೇ ಡಿಸ್ಕಿನೊಳಗೆ ಮೊದಲಿಂದ ನಕಲಿಸುತ್ತಿತ್ತು; ಅಷ್ಟು ಹೊತ್ತೂ ಕಂಪ್ಯೂಟರ್ ನಿಂತಿರುತ್ತಿತ್ತು.

"ಅಕ್ಕಾ, ಅದ್ ನಾನೇ ಹಾಕದ್" ಎಂದೆ. ಕೆಲಸ ಹೋಯಿತೆಂದೇ ಎಣಿಸಿದ್ದೆ.

ಅಕ್ಕ ಡಾಕ್ಟರ ಕಡೆ ತಿರುಗಿದರು. "ಡಾಕ್ಟ್ರೇ, ಡಿಸ್ಕ್ ಗಟ್ಟಿ ಇತ್ತ್. ಈ ಹುಡ್ಗಿ ಜಾಗ್ರತೆಗಂದೇ ಹಾಕದ್, ಹೊತ್ ಮಾತ್ರ ತಪ್ಪಿತ್. ಬಾಗ್ಲ್ ಹಾಕ್ದ್ ಮೇಲೆ ಒಂದ್ಸಲ ನಕಲ್ ಮಾಡುವಾಂಗೆ ಇಟ್ರೆ ಆಯ್ತ್." ಡಾಕ್ಟರು ನನ್ನನ್ನು ನೋಡಿ, "ಇನ್ನು ಹೇಳಿ ಮಾಡು" ಎಂದಷ್ಟೇ ಅಂದರು.

ಹೊರಡುವಾಗ ಅಕ್ಕ, "ಆದಿತ್ಯವಾರ ಅಂಗ್ಡಿಗ್ ಬಾ, ಈ ಸಾಲ್ ಓದುಕ್ ಕಲ್ಸ್ತೆ" ಎಂದರು. ನಾಲ್ಕು ವರ್ಷ ಆದಿತ್ಯವಾರ ತಪ್ಪಿಸಲಿಲ್ಲ. ನಾನು ಆತುರದಲ್ಲಿ ಊಹಿಸಿದರೆ ಬೆರಳಿನಿಂದ ಮೇಜು ಕುಟ್ಟುತ್ತಿದ್ದರು. "ಸಾಲ್ ಓದ್" ಅಷ್ಟೇ. ಕ್ರಮೇಣ ಕ್ಲಿನಿಕ್ಕಿನ ಕಂಪ್ಯೂಟರುಗಳೆಲ್ಲ ನನ್ನ ಕೈಗೆ ಬಂದವು.

ಆ ನಾಲ್ಕನೆಯ ವರ್ಷದ ಕೊನೆಗೆ ಕಾಮಾಲೆ ಅಕ್ಕನನ್ನು ಹದಿನೈದೇ ದಿನದಲ್ಲಿ ಒಯ್ದಿತು. ತಿಂಗಳು ಕಳೆದು ಅವರ ತಾಯಿ, ಕ್ಲಿನಿಕ್ಕಿನ ಹುಡುಗಿ ಕಂಪ್ಯೂಟರ್ ನೋಡುತ್ತಾಳೆಂದು ಯಾರಿಂದಲೋ ತಿಳಿದು, ನನಗೆ ಹೇಳಿಕಳುಹಿಸಿದರು. ಅಕ್ಕನ ಫೋಟೋಗಳೆಲ್ಲ ಮನೆಯ ಕಂಪ್ಯೂಟರಿನಲ್ಲಿದ್ದವು. ಆ ಫೋಲ್ಡರ್ ತೆರೆದರೆ ಸಾಕು, ಯಂತ್ರ ಕಲ್ಲಿನಂತೆ ನಿಲ್ಲುತ್ತಿತ್ತು. "ಕಂಪ್ಯೂಟರ್ ಸತ್ತೋಯ್ತ್ ಅಂದ್ ಹೇಳಿರ್ ಎಲ್ರೂ" ಎಂದರು ತಾಯಿ.

ಅಕ್ಕನ ಆ ಪ್ರೋಗ್ರಾಂ ಹಾಕಿ ನಾನು ಸಾಲು ಓದಿದೆ. ಕೆಟ್ಟುಹೋದ ಒಂದು ವೀಡಿಯೊ ಫೈಲನ್ನು ಓದಲಾಗದೆ ಯಂತ್ರ ಮತ್ತೆ ಮತ್ತೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಅದೊಂದನ್ನು ಬಿಟ್ಟು ಉಳಿದದ್ದನ್ನು ಹೊಸ ಡಿಸ್ಕಿಗೆ ಇಳಿಸಿದೆ. ಸಂಜೆಯೊಳಗೆ ಪರದೆಯ ಮೇಲೆ ಅಕ್ಕ ಬಂದರು, ಸಮುದ್ರಕ್ಕೆ ಬೆನ್ನು ಹಾಕಿ, ಗಾಳಿಗೆ ಕೂದಲು ಕೆದರಿ, ಬಾಯಿತುಂಬ ನಗುತ್ತ.

ತಾಯಿ ಸೆರಗಿಗೆ ಕೈ ಒರೆಸಿಕೊಂಡು ಆ ಕೆನ್ನೆ ಮುಟ್ಟಿದರು. "ಕಾಣ್, ನಗಾಡ್ತಿತ್ತ್ ನನ್ ಹೆಣ್ಣ್!" ಆಮೇಲೆ ನನ್ನ ಕಡೆ ತಿರುಗಿದರು. "ಈ ಕೆಲ್ಸ ನಿಂಗ್ ಯಾರ್ ಕಲ್ಸದ್, ಮಗಾ?"

"ನಿಮ್ ಮಗ್ಳೇ ಅಮ್ಮ" ಎಂದೆ.