ಹಕ್ಕಿ ಇರುವ ತನಕ

ಹಳ್ಳದ ಸದ್ದಿನ ನಡುವಿನಿಂದ ‘ಚಿಜಿಕ್, ಚಿಜಿಕ್’ ಎಂಬ ಕೂಗು ಬಂದಾಗ ನಾನು ಕ್ವಾರ್ಟರ್ಸಿನ ಹಿಂದೆ ಬಟ್ಟೆ ಹಿಂಡುತ್ತಿದ್ದೆ. ಕೇಂದ್ರ ಸರ್ಕಾರದ ಶಾಲೆಯ ಟೀಚರ್ ಕೆಲಸ ನನ್ನನ್ನು ಎಲ್ಲೆಲ್ಲೋ ತಿರುಗಿಸಿ ಕೊನೆಗೆ ಹಿಮಾಚಲದ ಈ ಬೆಟ್ಟದೂರಿಗೆ ತಂದು ಹಾಕಿ ಆರು ತಿಂಗಳಾಗಿತ್ತು. ಏಪ್ರಿಲ್ ತಿಂಗಳು. ದೇವದಾರು ಮರಗಳ ಬುಡದಲ್ಲಿ ಹಿಮ ಇನ್ನೂ ಮಣ್ಣು ಹತ್ತಿದ ಅರಳೆಯ ಹಾಗೆ ಅಲ್ಲಲ್ಲಿ ಉಳಿದಿತ್ತು. ಕರಗಿದ ನೀರೆಲ್ಲ ಹಿತ್ತಲಿನ ಹಳ್ಳಕ್ಕೆ ಇಳಿದು, ಪಕ್ಕದವರು ಕೂಗಿ ಕರೆದರೂ ಕೇಳದಷ್ಟು ಗದ್ದಲ. ಆ ಗದ್ದಲದಲ್ಲೂ ಆ ಸಣ್ಣ ಕೂಗು ನನ್ನ ಕಿವಿಗೆ ಬಿತ್ತು, ಕೈ ತಾನಾಗಿ ನಿಂತಿತು. ಮೂಗಿನ ಮುಂದೆ ದೇವದಾರಿನ ಅಂಟಿನ ವಾಸನೆ ಇದ್ದರೂ ನನಗೆ ಬಂದದ್ದು ಪಾಚಿಯ ವಾಸನೆ, ಬಟ್ಟೆ ಸಬಕಾರದ ವಾಸನೆ, ಹಸಿ ನೆಲ್ಲಿನ ವಾಸನೆ. ಬಳಗಾನೂರಿನ ನಮ್ಮ ಮನೆಯ ಹಿಂದಿನ ಕಾಲುವೆಯದು. ನೀರಿನ ನಡುವಿನ ಕಲ್ಲಿನ ಮೇಲೆ ಬೂದು ಬೆನ್ನು, ಹಳದಿ ಹೊಟ್ಟೆ, ತನ್ನ ಮೈಗಿಂತ ಉದ್ದನೆಯ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಅದು ನಿಂತಿತ್ತು. ಅದೇ ಹಕ್ಕಿ. ಆದರೆ ಗಂಟಲು ಕಪ್ಪಗಿತ್ತು. ನಮ್ಮ ಹಕ್ಕಿಯ ಗಂಟಲು ಬೆಳ್ಳಗಿತ್ತಲ್ಲ? ಒದ್ದೆ ಸೀರೆ ಕೈಯಲ್ಲಿ ಹಿಡಿದುಕೊಂಡು ಇದು ಅದೇ ಹೌದೋ ಅಲ್ಲವೋ ಎಂದು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ನಮ್ಮದು ಮಣ್ಣಿನ ಮಾಳಿಗೆ ಮನೆ. ಮುಂಬಾಗಿಲಿನಿಂದ ಹಿಂಬಾಗಿಲಿನವರೆಗೆ ಒಂದೇ ಸಾಲಿನಲ್ಲಿ ಕಟ್ಟೆ, ಪಡಸಾಲೆ, ಅಡುಗೆಮನೆ. ಹಿಂಬಾಗಿಲು ತೆರೆದರೆ ಹತ್ತು ಹೆಜ್ಜೆಗೆ ಕಾಲುವೆ. ಅಜ್ಜಿ, ಅಪ್ಪ, ಅವ್ವ, ನಾನು, ಇಷ್ಟೇ ಜನ. ಪಡಸಾಲೆಯಲ್ಲಿ ಸದಾ ವಿಭೂತಿ ಮತ್ತು ಹೊಸ ಗೋಣಿಚೀಲದ ವಾಸನೆ ಬೆರೆತಿರುತ್ತಿತ್ತು. ಪ್ರತಿ ವರ್ಷ ಮಳೆಗಾಲ ಮುಗಿಯುತ್ತ ಬಂದಾಗ ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆ ಹಳದಿ ಹಕ್ಕಿ ಬಂದು ಕೂಡುತ್ತಿತ್ತು. ಒಂದೇ ಒಂದು. ಜೊತೆಯಿಲ್ಲ, ಹಿಂಡಿಲ್ಲ. ಇನ್ನೊಂದು ಬಂದರೆ ಓಡಿಸಿಬಿಡುತ್ತಿತ್ತು. ಅಜ್ಜಿಯ ಪ್ರಕಾರ ಅದು ನಮ್ಮ ಮನೆತನದಲ್ಲೇ ಹುಟ್ಟಿದ ಯಾವಳೋ ಹೆಣ್ಣುಮಗಳು. ಪಂಚಮಿಗೆ ಅತ್ತೆಮನೆಯವರು ಕಳಿಸಿಲ್ಲ, ತಡವಾಗಿ ತವರಿಗೆ ಬಂದಿದ್ದಾಳೆ, ಕಾಲುವೆ ನೀರು ನಿಲ್ಲುವ ಹೊತ್ತಿಗೆ ತಿರುಗಿ ಹೋಗುತ್ತಾಳೆ. ಅಜ್ಜಿ ಇದನ್ನು ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದಳೆಂದರೆ, ಹಕ್ಕಿ ಕಲ್ಲಿನ ಮೇಲಿದ್ದಾಗ ಅವ್ವ ಬಟ್ಟೆಯ ಬುಟ್ಟಿ ಹಿಡಿದು ದೂರದಲ್ಲೇ ಕಾಯುತ್ತಿದ್ದಳು.

ನೀಲತ್ತೆ ಅಪ್ಪನ ತಂಗಿ, ಅಜ್ಜಿಗೆ ಒಬ್ಬಳೇ ಮಗಳು. ಗುರುಗುಂಟಾಕ್ಕೆ ಕೊಟ್ಟಿದ್ದರು. ನನಗೆ ಒಂಬತ್ತು ವರ್ಷವಿದ್ದಾಗ ಚೊಚ್ಚಲ ಬಾಣಂತನಕ್ಕೆ ಬಂದಳು. ಕೂಸು ಹುಟ್ಟಿತು, ಹನ್ನೊಂದು ದಿನ ಇತ್ತು, ಹೋಯಿತು. ಅದೇ ವಾರ ಹಕ್ಕಿ ಬಂತು. ಅತ್ತೆ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ‘ಹಕ್ಕಿ ಬಂದೈತಿ ಅತ್ತಿ’ ಎಂದರೂ ತಿರುಗಲಿಲ್ಲ. ಮಹಾನವಮಿ ಮುಗಿದ ಮೇಲೆ ಗುರುಗುಂಟಾದಿಂದ ಅವಳ ಮಾವ, ಅವಳ ಗಂಡ, ಜೊತೆಗೆ ಊರಿನ ಇಬ್ಬರು ಹಿರಿಯರು ಕರೆದೊಯ್ಯಲು ಬಂದರು. ಅಪ್ಪ ನೆಲ ನೋಡುತ್ತ ಕುಳಿತಿದ್ದ. ಕಂಬದ ಮರೆಯಲ್ಲಿ ನಿಂತಿದ್ದ ಅಜ್ಜಿ ಮುಂದೆ ಬಂದಳು. 

“ಕೂಸಿನ ಮಣ್ಣು ಇನ್ನಾ ಆರಿಲ್ರಿ ಬೀಗರ. ಹಿತ್ತಲದಾಗ ಒಂದು ಹಳದಿ ಹಕ್ಕಿ ಬಂದೈತಿ. ಅದು ಇರೂತನಕ ನಮ್ಮ ನೀಲವ್ವನೂ ಇರ್ಲಿ. ಅದು ಹೋದ ಮರುದಿನಾನ ನಾನಾ ಉಡಿ ತುಂಬಿ ಕಳಸ್ತೀನಿ.”

“ಹಕ್ಕಿ ಮ್ಯಾಲ ಕರಾರೇನ್ರಿ ಬೀಗತೇರ?” ಎಂದು ಅತ್ತೆಯ ಮಾವ ನಕ್ಕ. ಹಿರಿಯರೂ ನಕ್ಕರು. “ಆಗಲಿ ತಗೋರಿ.”

ನಗುತ್ತ ಆಡಿದ ಮಾತಾದರೂ ನಾಲ್ಕು ಮಂದಿಯ ಎದುರಿಗೆ ಆಡಿದ್ದು. ನಮ್ಮಪ್ಪನಂಥ ಮನುಷ್ಯನಿಗೆ ಅದು ಬಾಂಡಿನ ಮೇಲೆ ಬರೆದುಕೊಟ್ಟದ್ದಕ್ಕಿಂತ ಹೆಚ್ಚು. ಅಂದಿನಿಂದ ಹಕ್ಕಿ ನೋಡುವುದು ನನ್ನ ಕೆಲಸವಾಯಿತು. ಶಾಲೆಯಿಂದ ಬಂದವಳೇ ಹಿಂಬಾಗಿಲಿಗೆ ಓಡುತ್ತಿದ್ದೆ. ಕೆಲವು ದಿನಗಳಾದ ಮೇಲೆ ಅತ್ತೆಯೂ ಎದ್ದು ಬಂದು ನನ್ನ ಪಕ್ಕ ಕುಳಿತುಕೊಳ್ಳತೊಡಗಿದಳು. ಹಕ್ಕಿ ನೀರಿನ ಅಂಚಿನಲ್ಲಿ ಓಡುವುದು, ಗಾಳಿಗೆ ಹಾರಿ ಹುಳ ಹಿಡಿಯುವುದು, ಬಾಲ ನಿಲ್ಲಿಸಲಾಗದೆ ಒದ್ದಾಡುವುದು, ಎಲ್ಲವನ್ನೂ ಇಬ್ಬರೂ ನೋಡಿದೆವು. ಸಂಕ್ರಾಂತಿ ಹೊತ್ತಿಗೆ ಒಮ್ಮೆ ಅದು ಕಾಲು ಜಾರಿ ನೀರಿಗೆ ಬಿದ್ದಂತಾಗಿ ಗಡಬಡಿಸಿ ಹಾರಿದಾಗ ಅತ್ತೆ ನಕ್ಕಳು. ಬಂದ ಮೇಲೆ ನಕ್ಕದ್ದು ಅದೇ ಮೊದಲು. ಆ ದಿನವೇ ಇರಬೇಕು, ಅಥವಾ ಬೇರೆ ದಿನವೋ, ನಾನು ಕೇಳಿದೆ, ಗುರುಗುಂಟಾದಲ್ಲಿ ನಿನ್ನನ್ನು ಹೊಡೆಯುತ್ತಾರೇನು ಎಂದು.

“ಹೊಡಿಯಂಗಿಲ್ಲ, ಬಡಿಯಂಗಿಲ್ಲ ಬೇ. ಮಾತು ಆಡಂಗಿಲ್ಲ. ಕೆಲ್ಸ ಹೇಳ್ತಾರ, ಅಷ್ಟ. ನಮ್ಮ ಮನಿಯವ್ರೂ ಅಷ್ಟ. ಹೊಟ್ಟ್ಯಾಗ ಕೂಸಿದ್ದಾಗ ಅದರ ಕೂಡಾರ ಮಾತಾಡ್ತಿದ್ದೆ. ಇನ್ನ ಯಾರ ಕೂಡ ಮಾತಾಡ್ಲಿ?”

ನನಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಹಕ್ಕಿ ಹೋಗಬಾರದು ಎಂಬುದು ಮಾತ್ರ ಚೆನ್ನಾಗಿ ಅರ್ಥವಾಯಿತು. ಶಿವರಾತ್ರಿ ಕಳೆದ ಮೇಲೆ ಅತ್ತೆಯೇ ತೋರಿಸಿದಳು, ಅದರ ಗಂಟಲಿನಲ್ಲಿ ಕಾಡಿಗೆ ಒರೆಸಿದಂತೆ ಒಂದೆರಡು ಕಪ್ಪು ಪುಕ್ಕ ಮೂಡುತ್ತಿದ್ದವು. ಹೀಗೆ ಬರೆಯುತ್ತಿರುವಾಗ ಅನುಮಾನ ಬರುತ್ತಿದೆ. ಆ ಕಪ್ಪು ಪುಕ್ಕಗಳನ್ನು ಅಂದು ನೋಡಿದೆನೋ, ಇಲ್ಲಿನ ಹಕ್ಕಿಯನ್ನು ಕಂಡ ಮೇಲೆ ನನ್ನ ನೆನಪೇ ಅಲ್ಲಿಗೆ ಒಯ್ದು ಅಂಟಿಸಿತೋ. 

ಯುಗಾದಿಗೆ ಮುಂಚೆ ಒಂದು ದಿನ ಕಲ್ಲು ಖಾಲಿ ಇತ್ತು. ಮರುದಿನವೂ ಖಾಲಿ. ಕಾಲುವೆಯ ದಂಡೆಗುಂಟ ತೂಬಿನವರೆಗೆ ನಡೆದು ಹುಡುಕಿದೆ. ಬೆಳ್ಳಕ್ಕಿ ಇದ್ದವು, ಮಿಂಚುಳ್ಳಿ ಇತ್ತು, ಅದು ಇರಲಿಲ್ಲ. ಅತ್ತೆಗೆ ಹೇಳಿದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. “ಅಜ್ಜಿ ಕೇಳಿದ್ರ ಐತಿ ಅನ್ನು ಬೇ ಶರಣಿ. ಎಂಟು ದಿನ ಅನ್ನು, ಸಾಕು.” ಎಂಟು ದಿನದಲ್ಲಿ ಏನಾಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಸಂಜೆ ಅಪ್ಪ ಗದ್ದೆಯಿಂದ ಬಂದು ಪಡಸಾಲೆಯಲ್ಲಿ ಕುಳಿತ ಮೇಲೆ ಅಜ್ಜಿ ದಿನವೂ ಗಟ್ಟಿಯಾಗಿ ಕೇಳುತ್ತಿದ್ದಳು, “ಶರಣೀ, ಹಕ್ಕಿ ಐತೇನ?” ನಾನು “ಐತಿ” ಎನ್ನುತ್ತಿದ್ದೆ. ಪ್ರತಿ ಸಲವೂ ನಾಲಿಗೆ ಒಣಗುತ್ತಿತ್ತು. ಈಗ ಮಕ್ಕಳು ತರಗತಿಯಲ್ಲಿ ಸುಳ್ಳು ಹೇಳುವಾಗ ನುಂಗುವ ಉಗುಳು ನೋಡಿದರೆ ನನಗೆ ಬೈಯಲು ಮನಸ್ಸೇ ಬರುವುದಿಲ್ಲ.

ಮುಂದಿನದನ್ನು ನಾನು ಎರಡು ರೀತಿಯಲ್ಲಿ ನೆನೆಯುತ್ತೇನೆ. ಎರಡೂ ಅಷ್ಟೇ ಸ್ಪಷ್ಟ. ಅಜ್ಜಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದಾಳೆ. ಬೆಳಕಿಂಡಿಯಿಂದ ಬಿದ್ದ ಸಂಜೆ ಬಿಸಿಲಿನಲ್ಲಿ ತೌಡು ಹಾರುತ್ತಿದೆ. ಬೆಳಿಗ್ಗೆ ಅತ್ತೆ ಜಡೆಯನ್ನು ಬಿಗಿಯಾಗಿ ಹೆಣೆದು ನನಗೆ ತಲೆ ನೋಯುತ್ತಿದೆ, ಅವಳ ಮೇಲೆ ಸಿಟ್ಟಿದೆ. ಅಜ್ಜಿ ಕೇಳುತ್ತಾಳೆ. ನಾನು “ಇಲ್ಲಜ್ಜಿ, ಹೋಗೈತಿ” ಎನ್ನುತ್ತೇನೆ, ಮೊರ ನಿಲ್ಲುತ್ತದೆ. ಇನ್ನೊಂದರಲ್ಲಿ ಅದೇ ಮೊರ, ಅದೇ ಬಿಸಿಲು, ಅದೇ ಸಿಟ್ಟು. ನಾನು “ಐತಿ” ಎನ್ನುತ್ತೇನೆ, ಮೊರ ಆಡುತ್ತಲೇ ಇರುತ್ತದೆ. ಯಾವುದು ನಡೆಯಿತು, ಯಾವುದನ್ನು ಆಮೇಲೆ ನಾನೇ ಕಟ್ಟಿಕೊಂಡೆ? ಖಾತ್ರಿಯಾಗಿ ಗೊತ್ತಿರುವುದು ಇಷ್ಟೇ: ಯಾರೋ ಹೇಳಿದರು, ಮರುದಿನ ಅಜ್ಜಿ ಅತ್ತೆಗೆ ಉಡಿ ತುಂಬಿದಳು, ಅವ್ವ ಬುತ್ತಿ ಕಟ್ಟಿದಳು, ಅಪ್ಪ ಮಸ್ಕಿಯವರೆಗೆ ಕರೆದೊಯ್ದು ಲಿಂಗಸುಗೂರಿನ ಬಸ್ಸಿಗೆ ಹತ್ತಿಸಿದ. ನಾನೂ ಮಸ್ಕಿಗೆ ಹೋಗಿದ್ದೆ. ಬಸ್ಸು ಹೊರಡುವಾಗ ಅತ್ತೆ ಕಿಟಕಿಯಿಂದ ನನ್ನ ಕಡೆ ನೋಡಲಿಲ್ಲ. ಅಥವಾ ನಾನೇ ನೋಡಲಿಲ್ಲ. 

ಆ ಮೇಲಿನ ವರ್ಷಗಳಲ್ಲಿ ಅಜ್ಜಿ ಹೋದಳು, ಅಪ್ಪ ಹೋದ. ತಮ್ಮ ಹುಟ್ಟಿ, ಓದಿ, ನೌಕರಿ ಹಿಡಿದು ಅವ್ವನನ್ನು ಸಿಂಧನೂರಿಗೆ ಕರೆಸಿಕೊಂಡ. ಮಾಳಿಗೆ ಕುಸಿಯಿತು. ಹಿಂಬಾಗಿಲಿದ್ದ ಜಾಗದಲ್ಲಿ ಈಗ ಯಾರದೋ ನೆಲ್ಲಿನ ಯಂತ್ರ ನಿಲ್ಲುತ್ತದೆ. ಕಾಲುವೆಗೆ ಸಿಮೆಂಟು ಬಡಿದು, ಬಟ್ಟೆ ಒಗೆಯುವ ಕಲ್ಲು ಎಲ್ಲಿ ಹೋಯಿತೆಂದು ಕೇಳಿದರೆ ಯಾವ ಕಲ್ಲು ಎನ್ನುತ್ತಾರೆ. ನಾನು ಅತ್ತೆಯನ್ನು ಮದುವೆ, ಮುಂಜಿ, ಸಾವಿನ ಮನೆಗಳಲ್ಲಿ ಕಂಡೆ; ಗದ್ದಲದಲ್ಲಿ ಮಾತನಾಡಿಸಿದೆ; ಕೇಳಬೇಕಾದ್ದನ್ನು ಕೇಳಲಿಲ್ಲ. ಬೇಕೆಂದೇ ಗದ್ದಲವನ್ನು ಹುಡುಕಿಕೊಳ್ಳುತ್ತಿದ್ದೆ ಎಂದರೂ ತಪ್ಪಿಲ್ಲ.

ಹಿಮಾಚಲದ ಹಕ್ಕಿ ಆ ಮರೆಯನ್ನು ಕೆಡಿಸಿತು. ಏಪ್ರಿಲಿನಲ್ಲಿ ಬಂದದ್ದು ಮೇ ತಿಂಗಳಲ್ಲಿ ಕಿರುಸೇತುವೆಯ ಕಲ್ಲುಸಂದಿಯಲ್ಲಿ ಗೂಡು ಕಟ್ಟಿತು. ಜೂನಿನಲ್ಲಿ ನಾಲ್ಕು ಮರಿಗಳು ಹೊರಬಂದು, ಇನ್ನೂ ಬೆಳೆಯದ ಮೋಟು ಬಾಲಗಳನ್ನು ಅಪ್ಪ ಅವ್ವನ ಹಾಗೆಯೇ ಆಡಿಸಿದವು. ಮಳೆ ಹಿಡಿದ ಮೇಲೆ ಗಂಟಲಿನ ಕಪ್ಪು ಉದುರಿತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹಳ್ಳ ಇತ್ತು, ಹಕ್ಕಿ ಇಲ್ಲ. ಚಳಿಗಾಲದಲ್ಲಿ ಮೇಲಿನ ಕಾಡಿನಿಂದ ಬೇರೆ ಹಕ್ಕಿಗಳು ಇಳಿದು ಬಂದವು, ದೇವದಾರಿನ ಹಿಮ ಕೊಡವಿಕೊಂಡು ಬೀಜ ಹೆಕ್ಕಿದವು; ನಾನು ಅವನ್ನು ನೋಡುತ್ತ ಈಗ ಅದು ನಮ್ಮ ಕಡೆಯ ಯಾವ ಕಾಲುವೆಯಲ್ಲಿದೆಯೋ ಎಂದುಕೊಂಡೆ. ಕಪ್ಪು ಗಂಟಲಿನದು ಗಂಡು ಎಂದು ಇಲ್ಲಿಯ ವಿಜ್ಞಾನದ ಮೇಷ್ಟ್ರು ಹೇಳಿದರು. ಅಂದರೆ ಅಜ್ಜಿಯ ಹೆಣ್ಣುಮಗಳು ಗಂಡಾಗಿತ್ತೋ ಏನೋ! ಅದಿರಲಿ, ಹುಟ್ಟುವುದು ಇಲ್ಲಿ ಎಂದ ಮೇಲೆ ತವರು ಇದೇ ಅಲ್ಲವೇ? ಹಾಗಾದರೆ ಅದು ಹೋಗುತ್ತಿದ್ದದ್ದು ತವರಿಗೆ. ನಾವು ಅತ್ತೆಯನ್ನು ಅದರ ಹೆಸರಿನಲ್ಲಿ ಕಳಿಸಿದ್ದು ಎಲ್ಲಿಗೆ? ಹೀಗೆ ಯೋಚಿಸಿದರೆ ತಲೆ ಗಿಮ್ಮೆನ್ನುತ್ತದೆ, ಯೋಚಿಸದೆಯೂ ಇರಲಾಗುವುದಿಲ್ಲ.

ಎರಡನೆಯ ವರ್ಷದ ಚಳಿಗಾಲದ ರಜೆಗೆ ಊರಿಗೆ ಹೋದಾಗ ಗಟ್ಟಿ ಮನಸ್ಸು ಮಾಡಿ ಗುರುಗುಂಟಾದ ಬಸ್ಸು ಹತ್ತಿದೆ. ಅತ್ತೆ ಅಂಗಳದಲ್ಲಿ ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಗಂಡ ತೀರಿಹೋಗಿದ್ದ. ಇಬ್ಬರು ಮಕ್ಕಳು, ಸೊಸೆಯಂದಿರು, ಮನೆ ತುಂಬ ಮಾತು. ಮೊಬೈಲಿನಲ್ಲಿ ತೆಗೆದ ಹಕ್ಕಿಯನ್ನು ತೋರಿಸಿದೆ. ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದಳು. 

“ಅದಾ ಐತಿ ನೋಡ. ಬಾಲ ನಿಂದ್ರವಲ್ದು.”

“ಅತ್ತಿ, ಅದು ಹೋಗೈತಿ ಅಂತ ಅವತ್ತು ನಾನಾ ಹೇಳಿದ್ದು. ತಪ್ಪಾತು” ಎಂದೆ. ಐವತ್ತರ ಹತ್ತಿರದ ಹೆಂಗಸು, ಒಂಬತ್ತು ವರ್ಷದವಳ ಹಾಗೆ ಅತ್ತುಬಿಟ್ಟೆ.

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದಳು. “ನೀ ಎಲ್ಲಿ ಹೇಳಿದಿ? ನಾನಾ ಹೇಳಿದೆ. ನಿಮ್ಮಜ್ಜಿ ದಿನಾ ಐತೇನ ಐತೇನ ಅಂತ ಕೇಳಾಕಿ. ಈಕಿಗೆ ನನ್ನ ಕಳಸಾಕ ಎಷ್ಟು ಅವಸರ ಐತ್ಯಪಾ ಅನ್ನಿಸ್ತು. ಬ್ಯಾಡಾದ ಮನಿಯಾಗ ನಿನ್ನಂಥ ಕೂಸಿನ ಬಾಯಾಗ ಸುಳ್ಳು ಇಟ್ಟು ಎಷ್ಟು ದಿನ ಇರ್ಲಿ? ಹೋಗೈತಿ ಬೇ ಯವ್ವಾ ಅಂದೆ.” ಆಡಿನ ಬೆನ್ನು ಸವರುತ್ತ ಹೇಳಿದಳು, “ಇಲ್ಲಿ ಮಾತು ಬರಾಕ ಎರಡು ವರ್ಷ ಹಿಡೀತು.”

ಎದೆಯ ಮೇಲಿನ ಭಾರ ಇಳಿಯಿತು. ಲಿಂಗಸುಗೂರಿಗೆ ಬರುವಷ್ಟರಲ್ಲಿ ಮತ್ತೆ ಹತ್ತಿತು. ಅವಳು ಹೇಳಿದ್ದು ನಿಜವೋ, ನಾನು ಅತ್ತದ್ದನ್ನು ನೋಡಿ ಸಮಾಧಾನಕ್ಕೆ ಹಾಗೆಂದಳೋ? ಮುಂದಿನ ರಜೆಗೆ ಇನ್ನೊಮ್ಮೆ ಕೇಳೋಣ ಎಂದುಕೊಂಡೆ. ಶ್ರಾವಣದಲ್ಲಿ ಅತ್ತೆ ತೀರಿಕೊಂಡಳು. ಇಲ್ಲಿಂದ ಹೊರಟು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಅತ್ತೆಯ ಸಾವಿನ ಮನೆಯಿಂದ ಹೊರಟು ಸಿಂಧನೂರಿಗೆ ಬಂದ ದಿನ ಅವ್ವ ನನಗೆ ಸ್ನಾನಕ್ಕೆ ನೀರು ತೋಡಿಕೊಡುತ್ತಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ನನ್ನ ಸುಳ್ಳು, ಎರಡು ನೆನಪು, ಅತ್ತೆಯ ಮಾತು. ಅವ್ವ ತಂಬಿಗೆ ಕೆಳಗಿಟ್ಟಳು.

“ನಿಮ್ಮಜ್ಜಿಗೆ ಮೊದಲ್ನೇ ದಿನಾನ ಗೊತ್ತಿತ್ತು ಬೇ. ನಸುಕಿನ್ಯಾಗ ಪೂಜಿ ನೀರಿಗೆ ಕಾಲುವಿಗೆ ಹೋಗಾಕಿ ಆಕೀನ ಅಲ್ಲೇನು. ಹಕ್ಕಿ ಹೋಗೈತಿ, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ನನಗ ಹೇಳಿದ್ಳು.”

“ಮತ್ತ ದಿನಾ ನನ್ನ ಯಾಕ ಕೇಳ್ತಿದ್ಳು?”

“ನಿಮ್ಮಪ್ಪನ ಕಿವಿಗೆ ಬೀಳಲಿ ಅಂತ. ಸಣ್ಣ ಹುಡುಗಿ ನೀನಾ ಐತಿ ಅಂದ ಮ್ಯಾಲ ಅವ್ರು ಮಾತು ತಪ್ಪಿದಂಗ ಆಗಂಗಿಲ್ಲ. ನೀ ಐತಿ ಅಂದ ಕೂಡ್ಲೆ ಆಕಿ ಒಳಗ ಬಂದು ದೇವರಿಗೆ ಕೈ ಮುಗಿತಿದ್ಳು.”

“ಕಡೀಕ ಹೇಳಿದ್ದು ಯಾರು?”

ಅವ್ವ ತಂಬಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು. “ಯಾರೋ ಹೇಳಿದ್ರು. ನಿಮ್ಮಪ್ಪನ ಮುಂದಾ ಹೇಳಿದ್ರು. ಇನ್ನ ಆಕಿ ಏನ್ ಮಾಡ್ತಾಳ, ಉಡಿ ತುಂಬಿದ್ಳು.”

ಯಾರು ಎಂಬುದು ಇನ್ನು ತಿಳಿಯುವುದಿಲ್ಲ, ಮೊದಲಿನಷ್ಟು ತಿಳಿಯಬೇಕೆಂದೂ ಇಲ್ಲ. ಆ ಪುಟ್ಟ ಮನೆಯಲ್ಲಿ ಅಜ್ಜಿ, ಅವ್ವ, ನಾನು, ಮೂವರೂ ಒಬ್ಬಳನ್ನೇ ಉಳಿಸಿಕೊಳ್ಳಲು ಒಂದೇ ಸುಳ್ಳನ್ನು ಹಿಡಿದುಕೊಂಡಿದ್ದೆವು; ಅಜ್ಜಿಯದೂ ಅದೇ ಸುಳ್ಳು ಎಂಬುದನ್ನು ಅವಳಿಗೆ ಮಾತ್ರ ಯಾರೂ ಹೇಳಲಿಲ್ಲ. ತಾನು ಬೇಡಾದವಳು ಎಂದು ತಿಳಿದುಕೊಂಡು ನೀಲತ್ತೆ ಬಸ್ಸು ಹತ್ತಿದಳು, ಹಾಗೆಯೇ ತಿಳಿದುಕೊಂಡು ಬಾಳಿದಳು, ಹಾಗೆಯೇ ತಿಳಿದುಕೊಂಡು ಹೋದಳು.