ರಟ್ಟಿನ ರೀಲು ಉರುಳಿದ ಮಧ್ಯಾಹ್ನ

ಆಗ ನಾನು ಗ್ರಾಫಿನ ಎರಡು ಗೆರೆಗಳ ಜೊತೆ ಬದುಕುತ್ತಿದ್ದೆ. ಒಂದು ನಮ್ಮ ದೇಶದ್ದು, ಇನ್ನೊಂದು ಫಿನ್ಲೆಂಡಿನದು. ಎರಡೂ ದೇಶಗಳು ವರ್ಷವರ್ಷವೂ ಎಷ್ಟು ಟನ್ ಕಾಗದ, ರಟ್ಟು ಹೊರಗೆ ಕಳಿಸಿವೆ ಎಂದು ಹೋಲಿಸುವುದು ನನ್ನ ಪಿಎಚ್‌ಡಿಯ ಕೆಲಸ. ಎತ್ತರದಲ್ಲಿದ್ದ ಅವರ ಗೆರೆ ಇಳಿಯುತ್ತ ಬಂದಿತ್ತು. ನೆಲಕ್ಕಂಟಿದ್ದ ನಮ್ಮದು ಈಚೆಗೆ ತಲೆಯೆತ್ತಿತ್ತು. ಸಿದ್ದಾಪುರದ ಮನೆಯಲ್ಲಿ ಕಣ್ಣು ಮುಚ್ಚಿದರೂ ಕಾಣುತ್ತಿದ್ದವು, ಎರಡು ನೀರುಹಾವುಗಳು ತಣ್ಣಗೆ ಈಜುವ ಹಾಗೆ. ಆದರೆ ಒಂದು ಟನ್ ಕಾಗದವನ್ನು ನಾನು ಕಣ್ಣಾರೆ ಕಂಡಿರಲಿಲ್ಲ.

ಶಿರಸಿಯಲ್ಲಿ ನನ್ನ ಸೋದರಮಾವ ರಟ್ಟಿನ ಪೆಟ್ಟಿಗೆ ಮಾಡುವ ಶೆಡ್ ಇಟ್ಟಿದ್ದಾನೆ. ಯಲ್ಲಾಪುರದ ಮೇಲೆ ಲಾರಿಯಲ್ಲಿ ಹೊಸ ರೀಲುಗಳು ಬಂದಿವೆ, ಕೆಲವು ಹೊರದೇಶದವು ಎಂದು ಕೇಳಿ ನೋಡಲು ಹೋದೆ. ಕಂದು ಕಾಗದದ ರೀಲುಗಳು ಹಿಂಗೋಡೆಯ ಪಕ್ಕ ಅಡ್ಡ ಮಲಗಿದ್ದವು. ನನ್ನ ಎದೆಮಟ್ಟದವು, ಪ್ರತಿಯೊಂದಕ್ಕೂ ಮರದ ಬೆಣೆ. ತೊಳೆದ ನೀರು ಹರಿದುಹೋಗಲೆಂದು ನೆಲವನ್ನು ಬಾಗಿಲ ಕಡೆ ತುಸು ಇಳಿಜಾರು ಮಾಡಿದ್ದರು. ನೆಲದ ನಡುವೆ ಒಂದು ಚೌಕ ಬಿಸಿಲು ಬಿದ್ದಿತ್ತು. ಅದರೊಳಗೆ ಧೂಳು ನಿಧಾನ ತೇಲುತ್ತಿತ್ತು.

ಕೊನೆಯ ರೀಲಿನ ಲೇಬಲ್ಲು ಅರ್ಧ ನೆಲದ ಕಡೆಗಿತ್ತು. ಯಾವ ದೇಶದ್ದೆಂದು ಓದಲು ಬಗ್ಗಿದೆ.

“ಅದು ಮಲಗೇತ್ರಿ ಅಕ್ಕಾರ, ಎಬ್ಬಿಸಬ್ಯಾಡ್ರಿ,” ಎಂದ, ನೀರು ತರಲು ಚೊಂಬು ಹಿಡಿದು ಹೊರಟಿದ್ದ ಗುಡ್ನಾಪುರದ ಹಮಾಲ.

ರೀಲು ಗೇಣು ತಿರುಗಿದರೆ ಸಾಕಿತ್ತು. ಪಾದದಿಂದ ಬೆಣೆ ಸರಿಸಿದೆ.

ರೀಲು ಉರುಳತೊಡಗಿತು, ಸದ್ದೇ ಆಗಲಿಲ್ಲ. ಈಗಲೂ ನನ್ನೊಳಗೆ ಅದು ಹಾಗೆಯೇ ಹೋಗುತ್ತದೆ: ಅವಸರವಿಲ್ಲದೆ, ಬಿಸಿಲ ಚೌಕವನ್ನು ದಾಟಿ, ಬಾಗಿಲ ಬಳಿ ಬೆನ್ನು ಹಾಕಿ ಪೆಟ್ಟಿಗೆಗೆ ಪಿನ್ನು ಹೊಡೆಯುತ್ತಿದ್ದ ಮಾವನ ಕಡೆಗೆ. ನಾನು ಕೂಗುವ ಮೊದಲೇ ಹಮಾಲ ಚೊಂಬು ಬಿಟ್ಟು ಓಡಿಬಂದು, ಬಾಗಿಲ ಬಳಿ ಬಿದ್ದಿದ್ದ ಇನ್ನೊಂದು ಬೆಣೆಯನ್ನು ಅದರ ಮುಂದೆ ತುರುಕಿದ. ರೀಲು ಬೆಣೆಯ ಮೇಲೆ ಹತ್ತಲು ನೋಡಿತು, ತೂಗಿತು, ನಿಂತಿತು.

ಹೆಜ್ಜೆ ಎತ್ತಿದ ಮಾವನನ್ನು ಯಾರೋ ಹಿಂದಕ್ಕೆ ಜಗ್ಗಿದಂತಾಯಿತು. ಪಂಚೆಯ ತುದಿ ರೀಲಿನ ಅಡಿ ಸಿಕ್ಕಿತ್ತು.

“ಎಂತದೇ ತಂಗಿ, ಪಂಚೆ ಹಿಡ್ದು ಎಳಿತ್ಯಲೇ,” ಎನ್ನುತ್ತ, ಎಳೆದವಳು ನಾನೇ ಎಂದುಕೊಂಡು ತಿರುಗಿದ. ಹಿಂದೆ ಏನಿದೆ ಎಂದು ಕಂಡಾಗ ಮುಖ ಬಿಳುಚಿತು.

“ನನ್ನ ಕೈ ತಪ್ಪೇತ್ರಿ ಧಣ್ಯಾರ,” ಎಂದ ಹಮಾಲ, ಯಾರೂ ಕೇಳುವ ಮೊದಲೇ.

“ನಾಳೆಯಿಂದ ನೀ ಬರೂದು ಬೇಡ,” ಎಂದ ಮಾವ.

ಮಾವನ ಪ್ರಾಣ ಉಳಿಸಿದವನ ಕೆಲಸ ಹೋಗುತ್ತಿತ್ತು. ನಾನು ಮೂರು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ. ರೀಲಿಗಿಂತ ಹೆಚ್ಚಾಗಿ ಆ ಮೂರು ಉಸಿರು ನನ್ನನ್ನು ಈಗ ಕಾಡುತ್ತವೆ.

“ಅವನಲ್ಲ ಮಾವ. ಆನೇ ಬೆಣೆ ಸರಸಿದಿ. ಲೇಬಲ್ ಓದಲೆ,” ಎಂದು ನನ್ನ ತಪ್ಪು ಒಪ್ಪಿಕೊಂಡೆ.

ಮಾವ ಹಮಾಲನ ಮುಖ ನೋಡಿದ. ಅವನು ನೆಲ ನೋಡಿದ.

“ಯಾವ ದೇಶದ್ದು ಹೇಳಿ ಗೊತ್ತಾತ?” ಎಂದು ಕೊನೆಗೆ ಮಾವ ನನ್ನನ್ನು ಕೇಳಿದ.

“ಇಲ್ಲೆ.”

ಪಂಚೆ ಬಿಡಿಸಲು ರೀಲನ್ನು ಹಿಂದಕ್ಕೆ ದೂಡಲೇಬೇಕಿತ್ತು. “ನಾಳೆ ಬೇಗ ಬಾ, ಎಲ್ಲದಕ್ಕೂ ಎರಡೆರಡು ಬೆಣೆ ಕೊಡ್ಬೇಕು,” ಎಂದು ಮಾವ ಹಮಾಲನ ಪಕ್ಕದಲ್ಲೇ ಹೆಗಲು ಕೊಟ್ಟ. ನನ್ನ ಕಡೆ ತಿರುಗಿ, “ಬೆಣೆ ನಿಂಗೆ,” ಎಂದ. ಮೊಣಕಾಲೂರಿ ಕೂತೆ. ರೀಲು ಬೆರಳಷ್ಟು ಸರಿದಾಗಲೆಲ್ಲ ಬೆಣೆಯನ್ನು ಒಳಗೊತ್ತಿದೆ. ಲೇಬಲ್ಲು ಮೆಲ್ಲಗೆ ಮೇಲೆದ್ದು ನನ್ನ ಮುಖದೆದುರೇ ದಾಟಿಹೋಯಿತು. ನಾನು ಬೆಣೆಯನ್ನೇ ನೋಡುತ್ತಿದ್ದೆ.